ಬೆನ್ನ ಕಡೆಯ ಅಕ್ಷರಗಳು

ಎಂಬ್ರಾಯ್ಡರಿ ಮಾಡಿದ ಬಟ್ಟೆಯನ್ನು ಯಾರಾದರೂ ಕೈಗೆ ಕೊಟ್ಟರೆ ನಾನು ಮೊದಲು ಅದನ್ನು ತಿರುಗಿಸಿ ಬೆನ್ನು ನೋಡುತ್ತೇನೆ. ಮದುವೆ ಮನೆಯಲ್ಲೂ ಅಷ್ಟೇ. ಪಕ್ಕದಲ್ಲಿ ಕೂತವರ ಸೆರಗಿನ ಅಂಚು ಮಡಚಿ ನೋಡಿ ಬೈಸಿಕೊಂಡಿದ್ದೇನೆ. "ಏನ್ರೀ ಇದು, ಪೊಲೀಸ್ನೋರ ಥರ ತಪಾಸಣೆ ಮಾಡ್ತೀರಲ್ಲ?" ಎಂದು ಒಬ್ಬಾಕೆ ಸೆರಗನ್ನು ಕಿತ್ತುಕೊಂಡೇಬಿಟ್ಟರು. ಏನು ಮಾಡಲಿ, ಬಟ್ಟೆಯ ಮುಖ ಸುಳ್ಳು ಹೇಳುತ್ತದೆ, ಬೆನ್ನು ಹೇಳುವುದಿಲ್ಲ. ಈ ಚಟ ನನಗೆ ಹತ್ತಿಸಿದ್ದು ಶಾಲೆಯ ಮೆಟ್ಟಿಲನ್ನೇ ಹತ್ತದ ಒಬ್ಬ ಹೆಂಗಸು. ಅವರನ್ನು ನೆನೆದರೆ ಇವತ್ತಿಗೂ ನನಗೆ ಮೈ ಜುಮ್ಮೆನ್ನುತ್ತದೆ.

ನಾನು ಕೆಲಸ ಮಾಡುವುದು ದೊಡ್ಡನೆಕ್ಕುಂದಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಶೀಟು ಹೊದಿಸಿದ ಒಂದು ಶೆಡ್ಡಿನಲ್ಲಿ. ಒಂದು ಪಕ್ಕ ಲೋಹಕ್ಕೆ ಬಣ್ಣ ಹಿಡಿಸುವ ಪೌಡರ್ ಕೋಟಿಂಗ್‌ನವರು, ಇನ್ನೊಂದು ಪಕ್ಕ ರಟ್ಟಿನ ಡಬ್ಬ ಮಾಡುವವರು. ನಡುವೆ ನಾವು, ಹನ್ನೆರಡು ಹೆಡ್ಡಿನ ಎಂಬ್ರಾಯ್ಡರಿ ಮಶೀನಿನವರು. ಸಮವಸ್ತ್ರದ ಮೇಲಿನ ಹೆಸರು, ಶಾಲೆಯ ಲಾಂಛನ, ಬೇಕರಿಯವರ ಏಪ್ರನ್, ಎಲ್ಲ ನಮ್ಮಲ್ಲಿ ಆಗುತ್ತದೆ. ನನ್ನ ಕೆಲಸಕ್ಕೆ ಪಂಚಿಂಗ್ ಅನ್ನುತ್ತಾರೆ. ಅಂದರೆ ಗಿರಾಕಿ ಕೊಟ್ಟ ಚಿತ್ರವನ್ನೋ ಅಕ್ಷರವನ್ನೋ ಕಂಪ್ಯೂಟರಿನಲ್ಲಿ ಹೊಲಿಗೆಯಾಗಿ ಬಿಡಿಸಿ, ಸೂಜಿ ಎಲ್ಲಿ ಇಳಿಯಬೇಕು, ಎಲ್ಲಿ ನೆಗೆಯಬೇಕು, ಎಲ್ಲಿ ದಾರ ಕತ್ತರಿಸಬೇಕು ಎಂದು ಮಶೀನಿಗೆ ಹೇಳಿಕೊಡುವುದು.

ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಅಚ್ಚು, ಉಪಕರಣ ತಯಾರಿಸುವ ಟೂಲ್ ರೂಮಿನಲ್ಲಿದ್ದವರು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ರೇಗಿ ಊಟ ಬಿಡುತ್ತಿದ್ದರು. ಅವರ ಸಿಟ್ಟು ನನಗೆ ಪೂರ್ತಿ ಬಂತು, ಅವರ ಕೈ ಅರ್ಧವೂ ಬರಲಿಲ್ಲ.

ಮೊದಮೊದಲು ಈ ಮಶೀನಿನ ಮುಂದೆ ನಿಂತರೆ ನನಗೆ ಬಾಯಿ ಕಟ್ಟುತ್ತಿತ್ತು. ಒಂದೇ ಸಲ ಹೆಡ್ಡಿಗೊಂದರಂತೆ ಹನ್ನೆರಡು ಸೂಜಿ ಇಳಿಯುತ್ತವೆ, ಹನ್ನೆರಡು ಬಟ್ಟೆಯ ಮೇಲೆ ಒಂದೇ ಅಕ್ಷರ ಒಟ್ಟಿಗೆ ಮೂಡುತ್ತದೆ. ಒಂದು ಗುಟುಕು ಟೀ ಕುಡಿದು ಲೋಟ ಇಡುವಷ್ಟರಲ್ಲಿ ಒಂದು ಹೆಸರು ಮುಗಿದಿರುತ್ತದೆ. ಆದರೆ ಅಷ್ಟೇ ವೇಗದಲ್ಲಿ ತಪ್ಪೂ ಹನ್ನೆರಡಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ತಪ್ಪು ನಾನು ಮಾಡದ್ದೇ ಇಲ್ಲ. ಟೀ ಶರ್ಟನ್ನು ಫ್ರೇಮಿಗೆ ಹಾಕುವಾಗ ತಮಟೆಯ ಹಾಗೆ ಬಿಗಿಯಾಗಿ ಎಳೆದು ಕೂರಿಸಿದೆ. ಫ್ರೇಮು ಬಿಚ್ಚಿದಾಗ ಬಟ್ಟೆ ತನ್ನ ಜಾಗಕ್ಕೆ ವಾಪಸ್ಸು ಹೋಯಿತು, ಹೊಲಿಗೆ ಹೋಗಲಿಲ್ಲ. ಎದೆಯ ಮೇಲಿನ ಲಾಂಛನ ಒಣದ್ರಾಕ್ಷಿಯ ಹಾಗೆ ಸುಕ್ಕಾಯಿತು. ಹೆಣೆದ ಬಟ್ಟೆಯನ್ನು ಎಳೆಯಬಾರದು, ಸುಮ್ಮನೆ ಮಲಗಿಸಬೇಕು, ಅದರಡಿಗೆ ಇಡುವ ಪೇಪರ್ ಗಟ್ಟಿಯಿರಬೇಕು ಎಂದು ಆಮೇಲೆ ತಿಳಿಯಿತು. ಪೇಪರ್ ಉಳಿಸಲು ಹೋಗಿ ಒಂದಿಡೀ ಕಟ್ಟು ಶಾಲೆಯ ಶರ್ಟು ಹಾಳು ಮಾಡಿದ್ದೂ ಇದೆ. ಮೊಂಡಾದ ಸೂಜಿಯನ್ನು ಇನ್ನೊಂದು ದಿನ ನಡೆಯಲಿ ಎಂದು ಬಿಟ್ಟು ಬಟ್ಟೆಯಲ್ಲಿ ತೂತು ಬೀಳಿಸಿದ್ದೂ ಇದೆ. ಅಕ್ಷರದೊಳಗಿನ ಸಣ್ಣ ಸಂದಿಗೆ ನಾವು ಕಣ್ಣು ಅನ್ನುತ್ತೇವೆ. ಹೊಲಿಗೆ ದಟ್ಟವಾದರೆ ದಾರ ಉಬ್ಬಿ ಆ ಕಣ್ಣು ಮುಚ್ಚಿಹೋಗುತ್ತದೆ. 'ಅ' ಎಂದು ಹೊಲಿದದ್ದು ಕಜ್ಜಾಯವಾಗಿ ಕೂತಿರುತ್ತದೆ.

ಇವೆಲ್ಲ ಯಾವ ಊರಿನ ಎಂಬ್ರಾಯ್ಡರಿಯವರೂ ಮಾಡುವ ತಪ್ಪುಗಳು. ಆದರೆ ನಮ್ಮವರು ಮಾತ್ರ ಮಾಡುವ ತಪ್ಪೊಂದಿದೆ, ಅದು ಒತ್ತಕ್ಷರದ್ದು. ಇಂಗ್ಲಿಷ್ ಅಕ್ಷರಗಳು ಮೆರವಣಿಗೆಯಲ್ಲಿ ಹೋದ ಹಾಗೆ ಒಂದರ ಪಕ್ಕ ಒಂದು ಹೋಗುತ್ತವೆ, ಮಶೀನಿಗೆ ಸಲೀಸು. ನಮ್ಮ ಅಕ್ಷರಕ್ಕೆ ತಲೆಕಟ್ಟು ಮೇಲೆ, ಒತ್ತು ಕೆಳಗೆ, ಕೊಂಬು ಪಕ್ಕಕ್ಕೆ. ನಮ್ಮ ಶೆಡ್ಡಿನ ಹಳೆಯ ಸಾಫ್ಟ್‌ವೇರಿಗೆ ಕನ್ನಡ ಹಾಕಿದರೆ ಒತ್ತುಗಳನ್ನೆಲ್ಲ ಕಿತ್ತು ದಿಕ್ಕಾಪಾಲು ಮಾಡುತ್ತಿತ್ತು. ಹಾಗಾಗಿ ಒತ್ತನ್ನು ನಾನೇ ಬೇರೆಯಾಗಿ ಕೈಯಲ್ಲಿ ಬರೆದು ಅಕ್ಷರದ ಕೆಳಗೆ ಕೂರಿಸುತ್ತಿದ್ದೆ. ಮಶೀನು ಅಕ್ಷರ ಮುಗಿಸಿ, ಕೆಳಗೆ ನೆಗೆದು, ಒತ್ತನ್ನು ಹೊಲಿದು, ಮತ್ತೆ ಮೇಲಕ್ಕೆ ನೆಗೆಯುತ್ತಿತ್ತು. ನೆಗೆದ ಕಡೆಯೆಲ್ಲ ಒಂದೊಂದು ಬಿಡಿ ದಾರ. ಆ ಬಿಡಿ ದಾರಗಳನ್ನು ಕತ್ತರಿಸುವುದು ದಾರದ ಅಕ್ಕನ ಕೆಲಸವಾಗಿತ್ತು.

ದಾರದ ಅಕ್ಕ ಎಂದು ಹೆಸರಿಟ್ಟವಳು ನಾನೇ. ನನಗಿಂತ ಏಳೆಂಟು ವರ್ಷ ದೊಡ್ಡವರು, ಯಾದಗಿರಿ ಕಡೆಯವರು. ಗಂಡನ ಜೊತೆ ಬಂದು ಮೊದಲು ಹೂಡಿಯಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟುಗಳಲ್ಲಿ ಕಾಂಕ್ರೀಟಿನ ಬಾಂಡ್ಲಿ ಹೊತ್ತಿದ್ದರು. ಕುತ್ತಿಗೆಯ ಮೂಳೆ ಸವೆದು ಕೈ ಜೋಮು ಹಿಡಿಯಲು ಶುರುವಾದಾಗ ಯಾರೋ ನಮ್ಮಲ್ಲಿಗೆ ಕರೆತಂದು ಬಿಟ್ಟರು. ಕಿಟಕಿಯ ಪಕ್ಕದ ಮೇಜಿನ ಮುಂದೆ ಬಟ್ಟೆಯನ್ನು ಮಗುಚಿ ಹಾಕಿಕೊಂಡು, ಬೆನ್ನಿನ ಕಡೆಯ ಪೇಪರ್ ಹರಿದು, ಬಿಡಿ ದಾರಗಳನ್ನು ಸಣ್ಣ ಕತ್ತರಿಯಿಂದ ಕತ್ತರಿಸುತ್ತ ಇಡೀ ದಿನ ಕೂರುತ್ತಿದ್ದರು. ಬಟ್ಟೆಯ ಮುಖ ಅವರಿಗೆ ಕಾಣುತ್ತಿದ್ದದ್ದೇ ಕಡಿಮೆ.

ಹೊಸ ಆರ್ಡರ್ ಬಂದಾಗಲೆಲ್ಲ ಅವರದು ಒಂದೇ ಪ್ರಶ್ನೆ. "ಇದ್ರಾಗ ಏನ್ ಬರದೈತ್ರೀ ಮೇಡಂ?"

ನಾನು ತಲೆ ಎತ್ತದೆ, ಸಿಡುಕುತ್ತಲೇ ಹೇಳುತ್ತಿದ್ದೆ. "ಅನ್ನಪೂರ್ಣ ಕ್ಯಾಂಟೀನ್ ಅಂತ ಅಕ್ಕ."

"ಅನ್ನ ಎಲ್ಲಿಗಿ ಮುಗೀತ್ರೀ?"

"ಅಯ್ಯೋ, ಮೊದಲನೇದು ಅ, ಆಮೇಲೆ ನ್ನ. ನಿಮಗ್ಯಾಕಕ್ಕ ಅದೆಲ್ಲ? ದಾರ ಕಟ್ ಮಾಡಿ ಸಾಕು."

"ಸುಮ್ನ ಕೇಳಿದ್ನಿರೀ."

ಹೀಗೆ ಎಷ್ಟು ಸಲ ಸಿಡುಕಿದ್ದೇನೋ, ಲೆಕ್ಕವಿಟ್ಟವರಿಲ್ಲ.

ಒಂದು ಸಂಜೆ ಇಬ್ಬರೂ ಶೇರ್ ಟೆಂಪೋದಲ್ಲಿ ಕೂತಿದ್ದೆವು. ಮುಂದಿನ ಗಾಜಿಗೆ ಯಾವುದೋ ದೇವರ ಕೃಪೆ ಎಂದು ಹೊರಗಿನಿಂದ ಸ್ಟಿಕ್ಕರ್ ಅಂಟಿಸಿದ್ದರು. ಒಳಗಿನಿಂದ ನೋಡುವವರಿಗೆ ಅದು ತಿರುಗುಮುರುಗು. ದಾರದ ಅಕ್ಕ ಅದನ್ನೇ ನೋಡುತ್ತ ತುಟಿ ಆಡಿಸುತ್ತಿದ್ದರು. ದೇವರಿಗೆ ಕೈ ಮುಗಿಯುತ್ತಿದ್ದಾರೆ ಎಂದುಕೊಂಡೆ. ಎಂಥ ಬೆಪ್ಪು ನಾನು!

ಎರಡು ವರ್ಷದ ಹಿಂದೆ ನಮ್ಮ ಚೆಕಿಂಗ್ ಹುಡುಗಿ ಮದುವೆಯಾಗಿ ಹೋದಳು. ದಾರದ ಅಕ್ಕನೇ ತಪ್ಪು ಹಿಡಿಯುವುದರಲ್ಲಿ ಎಲ್ಲರಿಗಿಂತ ಚುರುಕಾಗಿದ್ದರಿಂದ ಯಜಮಾನರು ದಾರ ಕತ್ತರಿಸುವುದರ ಜೊತೆಗೆ ಚೆಕಿಂಗ್‌ಗೂ ಅವರನ್ನೇ ಹಾಕಿದರು. ಆಗಲೂ ಅವರು ಮುಖದ ಕಡೆ ನೋಡುತ್ತಿರಲಿಲ್ಲ, ಬಟ್ಟೆಯ ಬೆನ್ನಿನ ಮೇಲೆ ಬೆರಳು ಓಡಿಸಿಯೇ ಮಶೀನಿನ ಆರೋಗ್ಯ ಹೇಳುತ್ತಿದ್ದರು. ಕೆಳಗಿನ ಬಾಬಿನ್ನಿನ ದಾರ ಬಿಳಿ, ಮೇಲಿನದು ಬಣ್ಣ. ಬೆನ್ನಿನ ಕಡೆ ಒಂದೊಂದು ಗೆರೆಯ ನಡುವೆ ಬಿಳಿ, ಎರಡೂ ಅಂಚಿಗೆ ಬಣ್ಣ ಬಂದರೆ ದಾರದ ಬಿಗಿ ಸರಿಯಿದೆ ಎಂದರ್ಥ. ಬಿಳಿ ಕಾಣದಿದ್ದರೆ ಮೇಲಿನ ದಾರ ಸಡಿಲ. ಬರೀ ಬಿಳಿಯೇ ಕಂಡರೆ ಮೇಲಿನದು ಅತಿ ಬಿಗಿ, ಇನ್ನೇನು ಮುಖದ ಕಡೆಯೂ ಬಿಳಿ ಇಣುಕುತ್ತದೆ. ಇದನ್ನು ನನಗೆ ತರಬೇತಿಯಲ್ಲಿ ಚಿತ್ರ ಬಿಡಿಸಿ ಹೇಳಿಕೊಟ್ಟಿದ್ದರು, ಆದರೂ ಮರೆಯುತ್ತಿದ್ದೆ. ಅಕ್ಕ ಯಾರಿಂದಲೂ ಕಲಿಯದೆ, "ಏಳನೇ ಹೆಡ್ಡಿಂದು ನಡುಕ ಬಿಳಿ ಬರವಲ್ದು, ನೋಡ್ರಿ ಮೇಡಂ" ಎಂದು ಕೂತಲ್ಲಿಂದಲೇ ಕೂಗುತ್ತಿದ್ದರು. ಹೋಗಿ ನೋಡಿದರೆ ಹಾಗೇ ಇರುತ್ತಿತ್ತು. ಊರಿಗೆ ಫೋನ್ ಮಾಡಿದಾಗ, "ನಾ ಈಗ ಅಕ್ಷರ ನೋಡೋ ಕೆಲಸದಾಗ ಅದೀನಿ" ಎಂದು ಹೇಳಿಕೊಳ್ಳುತ್ತಿದ್ದರು. ಅದನ್ನು ಕೇಳಿಸಿಕೊಂಡು ನಾನು ಒಳಗೊಳಗೇ ನಕ್ಕಿದ್ದೆ. ಓದು ಬಾರದವರು ಅಕ್ಷರ ನೋಡುವುದು ಎಂದರೇನು ಎಂದು.

ಆಮೇಲೆ ಬೊಮ್ಮಸಂದ್ರದ ಒಂದು ಔಷಧಿ ಕಾರ್ಖಾನೆಯ ಆರ್ಡರ್ ಬಂತು. ಕೆಲಸಗಾರರ ಕೋಟಿನ ಬೆನ್ನಿಗೆ ಕನ್ನಡದಲ್ಲೇ ಬರೆಯಬೇಕು, ಕೆಲವಕ್ಕೆ 'ಅಗ್ನಿಶಾಮಕ', ಉಳಿದವಕ್ಕೆ 'ಪ್ರಥಮ ಚಿಕಿತ್ಸೆ'. ಕನ್ನಡದ ಆರ್ಡರ್ ಎಂದು ನನಗೂ ಹುಮ್ಮಸ್ಸು. ಪಂಚಿಂಗ್ ಮಾಡಿ ಓಡಿಸಿದೆ. ಮುಖದ ಕಡೆ ಅಕ್ಷರ ಮುತ್ತು ಪೋಣಿಸಿದ ಹಾಗೆ ಬಂತು.

ಮಧ್ಯಾಹ್ನ ಚೆಕಿಂಗ್ ಮೇಜಿನ ಕಡೆ ಹೋದರೆ, ಅಕ್ಕ ಮುಗಿಸಿಟ್ಟ ಕೋಟುಗಳಲ್ಲೆಲ್ಲ ಒತ್ತಕ್ಷರದ ಹತ್ತಿರ ಅರ್ಧ ಬೆರಳುದ್ದ ದಾರ ನೇತಾಡುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ಏನಕ್ಕ ಇದು, ಬಾಲ ಬಿಟ್ಟಿದ್ದೀರಾ? ಬುಡಕ್ಕೆ ಕಟ್ ಮಾಡಿ ಅಂತ ಎಷ್ಟು ಸಲ ಹೇಳೋದು?"

"ಉಳದದ್ದೆಲ್ಲ ಬುಡಕ್ಕ ಕತ್ತರಿಸೀನ್ರಿ. ಇವಕ್ಕಷ್ಟ ಬಿಟ್ಟೀನಿ. ಇವಕ್ಕ ಗಂಟಿಲ್ರೀ ಮೇಡಂ."

"ಮಶೀನ್ ಹಾಕೋ ಹೊಲಿಗೇಗೆ ಗಂಟು ಎಲ್ಲಿಂದ ಬರುತ್ತೆ? ಕೈಹೊಲಿಗೆ ಅಂದ್ಕೊಂಡ್ರಾ? ಸುಮ್ನೆ ಹೇಳಿದಷ್ಟು ಮಾಡಿ."

ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ನಾನು ಬೆನ್ನು ತಿರುಗಿಸಿ ಹೊರಟುಬಿಟ್ಟೆ. ಅಕ್ಕ ನಾನು ಹೇಳಿದಂತೆ ಎಲ್ಲ ಬಾಲಗಳನ್ನೂ ಬುಡಕ್ಕೆ ಕತ್ತರಿಸಿದರು.

ಮೂರು ವಾರಕ್ಕೆ ಕೋಟುಗಳು ವಾಪಸ್ಸು ಬಂದವು. ಕಾರ್ಖಾನೆಯ ಲಾಂಡ್ರಿಯಲ್ಲಿ ಎರಡು ಸಲ ಒಗೆದದ್ದಕ್ಕೆ ಒತ್ತುಗಳೆಲ್ಲ ಬಿಚ್ಚಿ ಹೋಗಿದ್ದವು. 'ಪ್ರಥಮ ಚಿಕಿತ್ಸೆ' ಹೋಗಿ 'ಪಥಮ ಚಿಕಿತೆ' ಆಗಿತ್ತು. 'ಅಗ್ನಿಶಾಮಕ'ದಲ್ಲಿ ನಕಾರದ ಒತ್ತು ಮಾಯವಾಗಿ 'ಅಗಿಶಾಮಕ' ಉಳಿದಿತ್ತು. "ಪಾಪ, ಬೆಂಕಿ ಬಿದ್ದರೆ ಇವರು ಆರಿಸ್ತಾರೋ ಅಗೀತಾರೋ" ಎಂದು ಅಲ್ಲಿನ ಕೆಲಸಗಾರರು ಆಡಿಕೊಂಡು ನಕ್ಕರಂತೆ.

ನಮ್ಮ ಯಜಮಾನರು ನಗಲಿಲ್ಲ. ಒಂದು ಕೋಟನ್ನು ಮೇಜಿನ ಮೇಲೆ ಎಸೆದು, "ಯಾರು ಇದನ್ನ ಕಟ್ ಮಾಡಿದ್ದು?" ಎಂದರು. ಎಲ್ಲರ ಕಣ್ಣೂ ದಾರದ ಅಕ್ಕನ ಕಡೆ ತಿರುಗಿತು.

"ನಾನ್ರೀ," ಎಂದರು ಅಕ್ಕ.

"ಒತ್ತಕ್ಷರ ಯಾವುದು, ದಾರ ಯಾವುದು ಅಂತ ಗೊತ್ತಾಗಲ್ವೇನಮ್ಮ? ಒತ್ತನ್ನೇ ಕತ್ತರಿಸಿ ಬಿಸಾಕಿದ್ದೀರಲ್ಲ! ಓದಕ್ಕೆ ಬರದೆ ಇರೋರನ್ನ ಚೆಕಿಂಗ್‌ಗೆ ಹಾಕಿದ್ದು ನನ್ನ ತಪ್ಪು."

ವಿಷಯ ಅಲ್ಲಿಗೇ ನಿಲ್ಲಲಿಲ್ಲ. ಕಾರ್ಖಾನೆಯವರು ನಮ್ಮಲ್ಲೇ ಮತ್ತೆ ಹೊಲಿಸಲು ಒಪ್ಪಿದ್ದರು, ಆದರೆ ಷರತ್ತು ಹಾಕಿದ್ದರು. ಚೆಕಿಂಗ್ ಮಾಡುವವರಿಗೆ ಓದಲು ಬರಬೇಕು, ಕೋಟುಗಳ ಪ್ರತಿ ಕಟ್ಟಿನ ಚೀಟಿಗೂ ಅವರೇ ಸಹಿ ಹಾಕಬೇಕು. ಇದನ್ನು ನೋಡಲು ಗುರುವಾರ ಅಲ್ಲಿಯ ಕ್ವಾಲಿಟಿ ಮೇಡಂ ಬರುತ್ತಾರೆ. "ಅಷ್ಟರೊಳಗೆ ಬೇರೆ ಹುಡುಗಿ ನೋಡ್ತೀನಿ," ಎಂದರು ಯಜಮಾನರು. "ನೀವು ಬೇರೆ ಕಡೆ ಕೆಲಸ ನೋಡ್ಕೊಳ್ಳಿ." ನಮ್ಮಲ್ಲಿ ಕೂತು ಮಾಡುವ ಬೇರೆ ಕೆಲಸ ಇರಲಿಲ್ಲ. ಅಕ್ಕನಿಗೆ ಗೊತ್ತಿದ್ದ ಬೇರೆ ಕಡೆ ಎಂದರೆ ಬಾಂಡ್ಲಿಯೊಂದೇ. ಅವರು ಅರಿವಿಲ್ಲದೆಯೇ ಕುತ್ತಿಗೆಯ ಹಿಂದೆ ಕೈ ಇಟ್ಟುಕೊಂಡದ್ದನ್ನು ನಾನು ನೋಡಿದೆ.

ನಾನು ಬಾಯಿ ಬಿಡಲಿಲ್ಲ. ಅಕ್ಕನೇ ಒತ್ತನ್ನು ಕತ್ತರಿಸಿದ್ದಾರೆ ಎಂದು ನಾನೂ ನಂಬಿದ್ದೆನೋ, ನಂಬಲು ಇಷ್ಟಪಟ್ಟೆನೋ. ಎಲ್ಲರೂ ಊಟಕ್ಕೆ ಎದ್ದಾಗ ಕಂಪ್ಯೂಟರಿನಲ್ಲಿ ಆ ಫೈಲು ತೆರೆದೆ.

ಹೊಲಿಗೆ ಶುರುವಾಗುವಲ್ಲಿ ಮತ್ತು ಮುಗಿಯುವಲ್ಲಿ ಸೂಜಿ ಅಲ್ಲೇ ಎರಡು ಮೂರು ಸಲ ಕುಣಿದು ದಾರವನ್ನು ಕಚ್ಚಿ ಹಿಡಿಯಬೇಕು. ಅದಕ್ಕೆ ಲಾಕ್ ಅನ್ನುತ್ತಾರೆ. ಅದಿಲ್ಲದೆ ದಾರವನ್ನು ಬುಡಕ್ಕೆ ಕತ್ತರಿಸಿದರೆ, ಹೊಲಿಗೆ ಕಣ್ಣಿಗೆ ಚೆಂದ ಕಾಣುತ್ತದೆ, ನೀರು ಬಿದ್ದು ಉಜ್ಜಿದ ದಿನ ಬಿಚ್ಚಿಕೊಳ್ಳುತ್ತದೆ. ದೊಡ್ಡ ಅಕ್ಷರ ಹೇಗೋ ತಡೆದುಕೊಳ್ಳುತ್ತದೆ. ಒತ್ತಿಗೆ ಇರುವುದೇ ನಾಲ್ಕು ಹೊಲಿಗೆ, ಪೂರ್ತಿ ಹೋಗಿಬಿಡುತ್ತದೆ. ನಾನು ಕೈಯಲ್ಲಿ ಬರೆದು ಕೂರಿಸಿದ ಒತ್ತುಗಳನ್ನು ಒಂದೊಂದಾಗಿ ನೋಡಿದೆ. ಒಂದಕ್ಕೂ ಲಾಕ್ ಇರಲಿಲ್ಲ. ಮೊದಲನೆಯದಕ್ಕೆ ಹಾಕುವುದನ್ನು ಮರೆತು, ಅದನ್ನೇ ನಕಲು ಮಾಡಿ ಉಳಿದವನ್ನೆಲ್ಲ ಬರೆದಿದ್ದೆ.

ಇವಕ್ಕ ಗಂಟಿಲ್ರೀ ಮೇಡಂ.

ಅಯ್ಯೋ ದೇವರೇ ಎಂದು ಹಣೆ ಹಿಡಿದುಕೊಂಡು ಕೂತೆ. ಅಕ್ಕ ಗಂಟು ಅಂದದ್ದು ಲಾಕನ್ನು. ಲಾಕ್ ಇಲ್ಲದ್ದನ್ನು ಬೆರಳಲ್ಲೇ ತಿಳಿದು, ಬಿಚ್ಚಿಹೋಗದಿರಲಿ ಎಂದು ಬಾಲ ಬಿಟ್ಟಿದ್ದರು. ಆ ಬಾಲವನ್ನೇ ನಾನು ಬೈದು ಅವರ ಕೈಯಿಂದ ಕತ್ತರಿಸಿ ಹಾಕಿಸಿದ್ದೆ. ಊಟದ ಡಬ್ಬಿ ತೆರೆಯದೆ ಅವರ ಮೇಜಿನ ಹತ್ತಿರ ಹೋದೆ. ಅವರು ಅದಾಗಲೇ ತಮ್ಮ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಿದ್ದರು.

"ಅಕ್ಕ, ತಪ್ಪು ನಂದು. ಲಾಕ್ ಹಾಕಿಲ್ಲ ನಾನು. ಸಾರ್ ಕೇಳಿದಾಗ ನೀವ್ಯಾಕೆ ಹೇಳಲಿಲ್ಲ?"

"ನಿಮಗ ಹೇಳಿದ್ನಲ್ರೀ. ಅವರಿಗ್ಯಾಕ ಹೇಳ್ಲಿ? ನಿಮ್ಮ ಕೆಲಸ ಹೋಗ್ತಿತ್ತಲ್ರೀ."

ಆಗ ಇನ್ನೊಂದು ಹೊಳೆಯಿತು. "ಒಂದ್ನಿಮಿಷ. ಬರೀ ಒತ್ತುಗಳಿಗೆ ಮಾತ್ರ ಬಾಲ ಬಿಟ್ಟಿದ್ರಿ. ಅದು ಒತ್ತು ಅಂತ ಹೇಗೆ ಗೊತ್ತಾಯ್ತು ನಿಮಗೆ?"

"ಗೊತ್ತಾಗಲೇನ್ರಿ? ಪ್ರ ಐತಲ್ಲ, ಅದರ ಬುಡಕ್ಕ. ಮತ್ತ ತ್ಸೆ ಐತಲ್ಲ, ಅದರ ಬುಡಕ್ಕ."

"ನಿಮಗೆ ಓದಕ್ಕೆ ಬರುತ್ತಾ?"

ಅವರು ಸಿಕ್ಕಿಬಿದ್ದವರ ಹಾಗೆ ಅತ್ತಿತ್ತ ನೋಡಿದರು. "ಓದೂದಂತ ಅಲ್ರೀ. ನೀವು ಹೇಳ್ತಿದ್ರಲ್ಲ, ಅದನ್ನ ನೆಪ್ಪಿಟ್ಕೊಂಡೀನಿ. ಅನ್ನಪೂರ್ಣದಾಗ ಮೊದಲ ಬರೋದು ಅಗ್ನಿಯಾಗೂ ಮೊದಲ ಬಂದಿತ್ತು. ಹಂಗ ಒಂದೊಂದ ಕೂಡಿಸ್ಕೊಂತ ಹೋದೆ."

ನಾನು ಪೆನ್ನು, ಒಂದು ಹಾಳೆ ಕೊಟ್ಟು, "ನಿಮ್ಮ ಹೆಸರು ಬರೀರಿ ನೋಡೋಣ" ಎಂದೆ.

"ನನ್ನ ಹೆಸರು ಯಾವ ಆರ್ಡರ್‌ದಾಗೂ ಬಂದಿಲ್ರೀ," ಎಂದರು. "ಮೊದಲಂದು ಸಾಲಿ ಹುಡುಗರ ಅಂಗಿ ಮ್ಯಾಲಿಂದ ತಗೊಂಡೀನಿ. ನಡುಕಿಂದು ಬೇಕರಿದವರ ಏಪ್ರಾನದ್ದು. ಒತ್ತು ಇದ ಕೋಟಿನ ಹಿಂದಿನ ಆರ್ಡರಿಂದು." ಹಾಗೆ ಹೇಳುತ್ತ ಹಾಳೆಯ ಬಲತುದಿಯಲ್ಲಿ ಪೆನ್ನು ಇಟ್ಟು, ಎಡಕ್ಕೆ ಬರೆಯುತ್ತ ಹೋದರು. ಮೂರಕ್ಷರ, ಎರಡು ಒತ್ತು. ಬರೆದು ಮುಗಿಸಿ ನನ್ನ ಮುಖ ನೋಡಿದರು.

ನನಗೆ ಒಂದಕ್ಷರವೂ ತಿಳಿಯಲಿಲ್ಲ. ತಲೆಕಟ್ಟು ಯಾವುದೋ ದಿಕ್ಕಿಗೆ, ಹೊಟ್ಟೆ ಯಾವುದೋ ದಿಕ್ಕಿಗೆ. ಇದೇನು ಕರ್ಮ ಎಂದು ಬಾಯಿಗೆ ಬಂದ ಮಾತನ್ನು ನುಂಗಿ, ಹಾಳೆಯನ್ನು ಅವರ ಕಡೆಗೇ ಹಿಡಿದು ಮೇಲೆತ್ತಿದೆ. ಕಿಟಕಿಯ ಬೆಳಕು ಹಾಳೆಯ ಮೂಲಕ ಬಂತು. ನನ್ನ ಕಡೆಯಿಂದ, ಹಾಳೆಯ ಹಿಂಬದಿಯಲ್ಲಿ, ಅವರ ಹೆಸರು ನೆಟ್ಟಗೆ ನಿಂತಿತ್ತು. ಒಂದು ತಲೆಕಟ್ಟು ತಪ್ಪಿರಲಿಲ್ಲ, ಒಂದು ಒತ್ತು ಜಾರಿರಲಿಲ್ಲ.

ಈ ಹೆಂಗಸು ಕನ್ನಡ ಕಲಿತಿದ್ದರು. ಬಟ್ಟೆಯ ಬೆನ್ನಿನಿಂದ, ಬಾಬಿನ್ನಿನ ಬಿಳಿ ದಾರದಿಂದ, ಇಡೀ ಅಕ್ಷರಮಾಲೆಯನ್ನು ಹಿಂದುಮುಂದಾಗಿ ಕಲಿತಿದ್ದರು. ಬಳಪ ಇಲ್ಲ, ಸ್ಲೇಟು ಇಲ್ಲ. ಮೇಷ್ಟ್ರು ಅಂತ ಒಬ್ಬರಿದ್ದರೆ ಅದು ತಲೆ ಎತ್ತದೆ ಸಿಡುಕುತ್ತಿದ್ದ ನಾನು. ನಾನು ಹತ್ತು ವರ್ಷ ಮಶೀನನ್ನು ನೋಡಿ ಬೆರಗಾಗಿದ್ದೆ, ಪಕ್ಕದ ಮೇಜಿನ ಕಡೆ ತಿರುಗಿಯೂ ನೋಡಿರಲಿಲ್ಲ. ಟೆಂಪೋದ ಗಾಜು ನೆನಪಾಯಿತು. ಅವರು ಅವತ್ತು ಕೈ ಮುಗಿಯುತ್ತಿರಲಿಲ್ಲ, ಓದುತ್ತಿದ್ದರು. ಅಳು ಬಂತು, ಅತ್ತುಬಿಟ್ಟೆ.

"ತಪ್ಪು ಬರದೀನೇನ್ರಿ?" ಎಂದರು ಅಕ್ಕ ಗಾಬರಿಯಾಗಿ.

"ಇಲ್ಲಕ್ಕ, ಒಂಚೂರೂ ತಪ್ಪಿಲ್ಲ. ಆ ಕತ್ತರಿ ಆಚೆ ತೆಗೀರಿ ಮೊದಲು."

ನೇರ ಯಜಮಾನರ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ. ಹತ್ತು ವರ್ಷದಲ್ಲಿ ತಿನ್ನದಷ್ಟು ಬೈಗುಳ ಅವತ್ತು ತಿಂದೆ. "ಒತ್ತನ್ನ ಅವರು ಕತ್ತರಿಸಿದ್ದಲ್ಲ, ಸರಿ. ಆದರೆ ಓದು, ಸಹಿ? ಅದಕ್ಕೇನು ಮಾಡ್ತೀಯಮ್ಮ?" ಎಂದರು. ಅವರಿಗೆ ಓದಲು ಬರುತ್ತದೆ, ಗುರುವಾರ ಅವರನ್ನೇ ಕೂರಿಸಿ, ಆಗದಿದ್ದರೆ ನನ್ನನ್ನೂ ಕಳಿಸಿ ಎಂದೆ. ಯಜಮಾನರು ನನ್ನನ್ನು ದಿಟ್ಟಿಸಿ ನೋಡಿ, "ಗುರುವಾರ ನೋಡೋಣ" ಎಂದರು. ಒತ್ತುಗಳಿಗೆಲ್ಲ ಲಾಕ್ ಹಾಕಿ, ಹೊಸ ಕೋಟುಗಳನ್ನು ಓಡಿಸಿದೆ.

ಗುರುವಾರ ಬೆಳಿಗ್ಗೆ ಕ್ವಾಲಿಟಿ ಮೇಡಂ ಬಂದರು. ಚಿಕ್ಕ ವಯಸ್ಸು, ನಯವಾದ ಮಾತು, ಆದರೆ ಕಣ್ಣು ಬಲು ಚೂಪು. ಒಂದು ಕೋಟನ್ನು ಅಕ್ಕನ ಮುಂದೆ ಹರಡಿ, "ಏನಂತ ಇದೆ ಓದಿ ಆಂಟಿ" ಎಂದರು.

ಹರಡಿದ್ದು ಬಟ್ಟೆಯ ಮುಖ ಮೇಲಾಗಿ. ಅಕ್ಕ ನೋಡಿದರು. ಆ ಕಡೆಯಿಂದ ಅವರಿಗೆ ಅದು ಯಾವುದೋ ಬೇರೆ ಭಾಷೆ. ಯಜಮಾನರು ನನ್ನ ಕಡೆ ಕೆಕ್ಕರಿಸಿ ನೋಡಿದರು.

"ಅಕ್ಕ, ಮಗುಚಿ ಹಾಕ್ಕೊಳ್ಳಿ!" ಎಂದು ಕೂಗಿಬಿಟ್ಟೆ.

ಅವರು ಕೋಟನ್ನು ಒಳಹೊರಗು ಮಾಡಿ, ಬಲತುದಿಯಿಂದ ಬೆರಳು ಇಟ್ಟರು. "ಪ್ರ... ಥ... ಮ. ಚಿ... ಕಿ... ತ್ಸೆ. ಪ್ರಥಮ ಚಿಕಿತ್ಸೆ." ಇನ್ನೊಂದು ಕೋಟು ಎಳೆದುಕೊಂಡರು. "ಇದು ಅಗ್ನಿಶಾಮಕ." ಮತ್ತೊಂದು, ಮಗದೊಂದು. ಆರನೆಯದರಲ್ಲಿ ಬೆರಳು ನಿಂತಿತು. ಕಣ್ಣು ಮುಚ್ಚಿಕೊಂಡು ಅಲ್ಲೇ ಸವರಿದರು. "ಇದು ಬ್ಯಾಡ್ರಿ. ಬಾಬಿನ್ ಮುಗಿಯಾಕ ಬಂದಾಗ ಹೊಲದದ್ದು. ಸ ಒತ್ತು ಹಿಡದಿಲ್ಲ, ನೀರಾಗ ಹಾಕಿದ್ರ ಹೋಗ್ತೈತಿ."

ಕ್ವಾಲಿಟಿ ಮೇಡಂ ಮುಖದ ಕಡೆ ತಿರುಗಿಸಿ ನೋಡಿದರು. ಅಕ್ಷರ ಚೆನ್ನಾಗಿಯೇ ಇತ್ತು. ಅನುಮಾನದಿಂದಲೇ ಉಗುರಿನಲ್ಲಿ ಮೆಲ್ಲಗೆ ಗೀರಿದರು. ಒತ್ತು ಎದ್ದು ಅವರ ಉಗುರಿಗೇ ಬಂತು.

ಆ ಹುಡುಗಿ ಬಾಯಿ ಮೇಲೆ ಕೈ ಇಟ್ಟುಕೊಂಡರು. ಬೆನ್ನಿನ ಕಡೆಯನ್ನು ತಾವೂ ಓದಲು ನೋಡಿ, ಆಗದೆ, "ಅಯ್ಯಪ್ಪಾ, ಇದನ್ನ ನನ್ನ ಕೈಲೇ ಓದಕ್ಕಾಗ್ತಿಲ್ವಲ್ರೀ!" ಎಂದರು. ಶೆಡ್ಡಿನಲ್ಲಿ ಇದ್ದವರೆಲ್ಲ ಮೇಜಿನ ಸುತ್ತ ಬಂದು ನಿಂತಿದ್ದರು. ಯಜಮಾನರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಓದಿದ್ದಂತೂ ಆಯ್ತು," ಎಂದರು ಕ್ವಾಲಿಟಿ ಮೇಡಂ ಕೋಟನ್ನು ಪಕ್ಕಕ್ಕಿಟ್ಟು. "ಆದರೆ ಚೀಟಿ ಮೇಲೆ ಸಹಿ ಬೇಕೇ ಬೇಕು ಆಂಟಿ. ನಮ್ಮ ಆಫೀಸಲ್ಲಿ ಅದು ಓದೋ ಹಾಗಿರಬೇಕು."

ಇದಕ್ಕೆ ನನ್ನಲ್ಲಿ ಉಪಾಯವಿರಲಿಲ್ಲ. ಇರುವುದನ್ನು ಇದ್ದ ಹಾಗೆ ಬರೆಯಲಿ, ಆಮೇಲೆ ಕೈಕಾಲು ಹಿಡಿದಾದರೂ ಒಪ್ಪಿಸುತ್ತೇನೆ ಎಂದುಕೊಂಡು ಚೀಟಿ ಪುಸ್ತಕ ತಂದೆ. ಎರಡು ಹಾಳೆಯ ನಡುವೆ ಕಾರ್ಬನ್ ಸೇರಿಸಿ, ಅಕ್ಕನ ಮುಂದೆ ಇಟ್ಟೆ. ಅವರು ಚೀಟಿಯ ಬಲತುದಿಯಿಂದ ಶುರು ಮಾಡಿ, ಒತ್ತಿ ಒತ್ತಿ, ಎಡಕ್ಕೆ ತಮ್ಮ ಹೆಸರು ಬರೆದರು. ಕ್ವಾಲಿಟಿ ಮೇಡಂ ಅದನ್ನು ನೋಡಿ ಹುಬ್ಬು ಗಂಟಿಕ್ಕಿದರು.

ನಕಲಾದರೂ ಬಂದಿದೆಯೇ ಎಂದು ನಾನು ಚೀಟಿ ಎತ್ತಿದೆ. ಕೆಳಗಿನ ಹಾಳೆ ಖಾಲಿ. ಗಾಬರಿಯಲ್ಲಿ ಕಾರ್ಬನ್ನನ್ನು ತಲೆಕೆಳಗಾಗಿ, ಮಸಿಯ ಕಡೆ ಮೇಲೆ ಮಾಡಿ ಇಟ್ಟುಬಿಟ್ಟಿದ್ದೆ. ಥತ್, ಇದೂ ಹಾಳಾಯಿತಲ್ಲ ಎಂದು ಚೀಟಿಯನ್ನು ಕಿತ್ತು ಮಗುಚಿದೆ. ಅದರ ಬೆನ್ನಿನ ಮೇಲೆ, ನೀಲಿ ಮಸಿಯಲ್ಲಿ, ಎಡದಿಂದ ಬಲಕ್ಕೆ, ಯಾರು ಬೇಕಾದರೂ ಓದುವ ಹಾಗೆ ಒಂದು ಹೆಸರು ಕೂತಿತ್ತು.

ಚೀಟಿಯನ್ನು ಕ್ವಾಲಿಟಿ ಮೇಡಂ ಕೈಗೆ ಕೊಟ್ಟೆ. ಅವರು ಓದಿದರು, ಅಕ್ಕನ ಮುಖ ನೋಡಿದರು, ಮತ್ತೆ ಓದಿದರು. "ಇದೇ ಸಾಕು. ಬೆನ್ನು ಮೇಲೆ ಮಾಡಿ ಫೈಲಿಗೆ ಹಾಕ್ಕೊತೀನಿ," ಎಂದು ಹೇಳಿ ಚೀಟಿಯನ್ನು ಅಕ್ಕನ ಮುಂದೆ ಹಿಡಿದರು.

ದಾರದ ಅಕ್ಕ ಬಗ್ಗಿ ಅದನ್ನು ತುಂಬ ಹೊತ್ತು ನೋಡಿದರು. ಬೆರಳು ಇಟ್ಟು ಸವರಿದರು. ಆಮೇಲೆ ನನ್ನ ಕಡೆ ತಿರುಗಿ, ಪ್ರತಿ ಹೊಸ ಆರ್ಡರ್ ಬಂದಾಗ ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದರು.

"ಭಾಳ ಚಂದ ಬರದಾರಲ್ರೀ. ಇದ್ರಾಗ ಏನ್ ಬರದೈತ್ರೀ ಮೇಡಂ?"

ಈ ಸಲ ನಾನು ತಲೆ ಎತ್ತಿ, ಅವರ ಮುಖ ನೋಡಿಕೊಂಡು ಹೇಳಿದೆ.

"ನಿಮ್ಮ ಹೆಸರು ಅಕ್ಕ."